ವಿಕ್ಟೋರಿಯಾ ಕಾಲದ ಹೆಂಗಸೊಬ್ಬಳ ಬದುಕನ್ನು ದಾಖಲೆಗಳಲ್ಲಿ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಮುಖ್ಯವಾಗಿ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸಂಬಂಧಿಸಿದವು. ಸ್ಕಾಟ್ಲೆಂಡ್, ಐರ್ಲೆಂಡ್‌ಗಳ ವ್ಯವಸ್ಥೆ ಬೇರೆ; ಅದನ್ನು ಮುಂದೆ ಚುಟುಕಾಗಿ ಹೇಳಿದೆ. ಬೆಂಗಳೂರು ದಂಡು ಪ್ರದೇಶ ಮತ್ತು ಕೋಲಾರದ ಚಿನ್ನದ ಗಣಿಗೆ ನಂಟಿರುವ ಕುಟುಂಬಗಳವರು ಕೇಳುವ ಪ್ರಶ್ನೆಗೂ ಒಂದು ಉತ್ತರವಿದೆ.

ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕು?

ನಿಮಗೆ ಖಚಿತವಾಗಿ ಗೊತ್ತಿರುವ ಕೊನೆಯ ಘಟನೆಯಿಂದ ಆರಂಭಿಸಿ ಹಿಂದಕ್ಕೆ ನಡೆಯಬೇಕು. ಸಾವು ಗೊತ್ತಿದ್ದರೆ ಸಾವಿನಿಂದ ಮದುವೆಗೆ, ಮದುವೆಯಿಂದ ಹುಟ್ಟಿಗೆ ಹೋಗಬೇಕು. ಹುಟ್ಟಿನಿಂದ ಮುಂದಕ್ಕೆ ಹೊರಟವರು ಸಾಮಾನ್ಯವಾಗಿ ಮದುವೆಯ ಹತ್ತಿರ ದಾರಿ ತಪ್ಪುತ್ತಾರೆ, ಏಕೆಂದರೆ ಅಲ್ಲಿ ಅವಳ ಹೆಸರೇ ಬದಲಾಗಿರುತ್ತದೆ.

ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರ ಜೂನ್ 20ರಂದು. ಅದಾದ ಹನ್ನೊಂದನೆಯ ದಿನ, ಅಂದರೆ ಜುಲೈ 1ರಂದು, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟು, ಮದುವೆ, ಸಾವುಗಳ ಸರ್ಕಾರಿ ನೋಂದಣಿ ಜಾರಿಗೆ ಬಂತು. ಅದಕ್ಕೂ ಹಿಂದಿನದಕ್ಕೆ ಇಗರ್ಜಿಯ ಪುಸ್ತಕಗಳೇ ಗತಿ: ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿಯ ದಾಖಲೆ. ಫ್ರೀಬಿಎಂಡಿ, ಫ್ರೀರೆಜ್ ಮತ್ತು ಫ್ಯಾಮಿಲಿಸರ್ಚ್ ತಾಣಗಳಲ್ಲಿ ಹುಡುಕಲು ಹಣ ಕೊಡಬೇಕಿಲ್ಲ. ಈ ನೋಂದಣಿಯನ್ನು ನೋಡಿಕೊಳ್ಳುವ ಸರ್ಕಾರಿ ಕಚೇರಿಯಾದ ಜನರಲ್ ರಿಜಿಸ್ಟರ್ ಆಫೀಸಿನ ಸ್ವಂತ ಸೂಚಿಯನ್ನೂ, ಅಂದರೆ ಹೆಸರುಗಳ ಪಟ್ಟಿಯನ್ನೂ, ಪುಕ್ಕಟೆಯಾಗಿ ನೋಡಬಹುದು. ಪ್ರಮಾಣಪತ್ರದ ಪ್ರತಿ ಬೇಕಾದಾಗ ಮಾತ್ರ ಶುಲ್ಕ. ಚಂದಾ ಕಟ್ಟುವ ತಾಣಗಳ ಅಗತ್ಯ ಆಮೇಲೆ ಬೀಳುತ್ತದೆ. ಮೊದಲ ವಾರವೇ ಅವುಗಳಿಗೆ ದುಡ್ಡು ಸುರಿಯಬೇಡಿ.

ಹೆಂಗಸರನ್ನು ಹುಡುಕುವುದು ಗಂಡಸರನ್ನು ಹುಡುಕುವುದಕ್ಕಿಂತ ಕಷ್ಟವೇಕೆ?

ಅವಳ ಬಗ್ಗೆ ಬರೆದದ್ದೇ ಕಡಿಮೆ ಎಂಬುದು ಅರ್ಧ ಸತ್ಯ. ಬರೆದದ್ದು ಬೇಕಾದಷ್ಟಿದೆ, ಆದರೆ ಅದು ಬೇರೊಬ್ಬರ ಹೆಸರಿನಲ್ಲಿದೆ. ಮದುವೆಯ ಪತ್ರದಲ್ಲಿ ಅವಳು ಇಂಥವನ ಮಗಳು, ಜನಗಣತಿಯಲ್ಲಿ ಇಂಥವನ ಹೆಂಡತಿ, ಸಾವಿನ ಪತ್ರದಲ್ಲಿ ಇಂಥ ಬಡಗಿಯ ವಿಧವೆ. ಆ ಕಾಲದ ಇಂಗ್ಲಿಷ್ ಕಾನೂನು ಗಂಡಹೆಂಡಿರನ್ನು ಒಂದೇ ವ್ಯಕ್ತಿಯೆಂದು ಎಣಿಸುತ್ತಿತ್ತು. ಆ ಒಂದು ವ್ಯಕ್ತಿ ಗಂಡನೇ ಆಗಿರುತ್ತಿದ್ದ. ಹೀಗಾಗಿ ಹೆಂಗಸೊಬ್ಬಳನ್ನು ಹುಡುಕುವವರು ಅವಳ ತಂದೆ, ಗಂಡ, ಅಣ್ಣತಮ್ಮಂದಿರು, ಮೈದುನರು, ಗಂಡುಮಕ್ಕಳು, ಕೊನೆಗೆ ಅವಳ ಮದುವೆಗೆ ಸಾಕ್ಷಿ ಹಾಕಿದವರು, ಹೀಗೆ ಎಲ್ಲರನ್ನೂ ಹುಡುಕಬೇಕು. ವಿಧವೆ ತಾಯಿ ಕೊನೆಗಾಲದಲ್ಲಿ ಅಳಿಯನ ಮನೆಯಲ್ಲಿ ಸಿಗುವುದು ಮಾಮೂಲು. ಅಳಿಯನ ಹೆಸರು ತಿಳಿಯದಿದ್ದರೆ ಆಕೆ ಸಿಗುವುದಿಲ್ಲ.

ಮದುವೆಗೆ ಮುಂಚಿನ ಅಡ್ಡಹೆಸರನ್ನು (ಮನೆತನದ ಹೆಸರನ್ನು) ಪತ್ತೆ ಹಚ್ಚುವುದು ಹೇಗೆ?

ಮಕ್ಕಳ ಹುಟ್ಟಿನ ಮೂಲಕ. ಅಚ್ಚಾದ ಹಳೆಯ ಜನನ ಸೂಚಿಯಲ್ಲಿ ತಾಯಿಯ ತವರಿನ ಅಡ್ಡಹೆಸರು ಕಾಣಿಸತೊಡಗಿದ್ದು 1911ರ ಸೆಪ್ಟೆಂಬರ್ ತ್ರೈಮಾಸಿಕದಿಂದ. ಆದರೆ ಜನರಲ್ ರಿಜಿಸ್ಟರ್ ಆಫೀಸು 2016ರಲ್ಲಿ ತೆರೆದ ಅಂತರ್ಜಾಲ ಸೂಚಿಯಲ್ಲಿ 1837ರಿಂದಲೇ ಆ ಹೆಸರನ್ನು ಸೇರಿಸಿದ್ದಾರೆ. ಗಂಡನ ಅಡ್ಡಹೆಸರು, ಊರಿನ ನೋಂದಣಿ ಜಿಲ್ಲೆ ಮತ್ತು ಅಂದಾಜು ವರ್ಷ ಕೊಟ್ಟು ಹುಡುಕಿದರೆ ಒಂದೇ ತಾಯಿಯ ಮಕ್ಕಳೆಲ್ಲ ಸಾಲಾಗಿ ಸಿಗುತ್ತಾರೆ. ಜನಗಣತಿಯ ದಿನ ಬರುವಷ್ಟರಲ್ಲಿ ತೀರಿಕೊಂಡಿದ್ದ ಕೂಸುಗಳೂ ಅವರಲ್ಲಿ ಇರುತ್ತವೆ.

ಪ್ರಮಾಣಪತ್ರವನ್ನೇ ತರಿಸಿದಾಗ ತಾಯಿಯ ಕಾಲಂನಲ್ಲಿ ಎರಡು ಪದಗಳನ್ನು ಗಮನಿಸಬೇಕು: ‘ಲೇಟ್’ ಮತ್ತು ‘ಫಾರ್ಮರ್ಲಿ’. ನಮ್ಮ ಕಚೇರಿಗಳಲ್ಲಿ ‘ಲೇಟ್ ರಾಮಯ್ಯ’ ಎಂದರೆ ರಾಮಯ್ಯನವರು ತೀರಿಕೊಂಡಿದ್ದಾರೆಂದು ಅರ್ಥ. ಈ ಅಭ್ಯಾಸದಿಂದ ಕನ್ನಡದ ಓದುಗರು ಇಲ್ಲಿ ಸುಲಭವಾಗಿ ಎಡವುತ್ತಾರೆ. ಆ ಪತ್ರದಲ್ಲಿ ‘ಲೇಟ್’ ಎಂಬುದರ ಮುಂದೆ ಇರುವುದು ಅವಳ ಹಿಂದಿನ ಮದುವೆಯ ಅಡ್ಡಹೆಸರು, ‘ಫಾರ್ಮರ್ಲಿ’ ಎಂಬುದರ ಮುಂದೆ ಇರುವುದು ಹುಟ್ಟಿದ ಮನೆಯ ಹೆಸರು. ಎರಡೂ ಪದಗಳು ಒಟ್ಟಿಗೆ ಇದ್ದರೆ ಆಕೆಗೆ ಹಿಂದೊಂದು ಮದುವೆಯಾಗಿತ್ತೆಂದು ತಿಳಿಯಬೇಕು. ಒಂದೇ ಸಾಲಿನಲ್ಲಿ ಮೂರು ಮನೆತನಗಳು ಕೈಗೆ ಸಿಗುವ ಇಂಥ ಪತ್ರ ಬಂದ ದಿನ ಹುಡುಕುವವರಿಗೆ ಹಬ್ಬ.

ಹೆಸರು ಗೊತ್ತಿದ್ದರೂ ಸೂಚಿಯಲ್ಲಿ ಸಿಗುತ್ತಿಲ್ಲವಲ್ಲ?

ಲಕ್ಷ್ಮೀದೇವಿ ಊರಿನ ಬಾಯಲ್ಲಿ ಲಚ್ಚಮ್ಮ ಆಗುವಂತೆ ಅಲ್ಲಿ ಮೇರಿ ಪಾಲಿ ಆಗುತ್ತಾಳೆ, ಮಾರ್ಗರೆಟ್ ಪೆಗಿ, ಸಾರಾ ಸ್ಯಾಲಿ, ಫ್ರಾನ್ಸೆಸ್ ಫ್ಯಾನಿ, ಆನ್ ನ್ಯಾನ್ಸಿ. ಎಲಿಜಬೆತ್ ಎಂಬ ಒಂದೇ ಹೆಸರಿಗೆ ಎಲೈಜಾ, ಬೆಟ್ಸಿ, ಬೆಸಿ, ಲಿಜಿ ಎಂಬ ರೂಪಗಳಿವೆ. ಉಚ್ಚಾರದಲ್ಲಿ ‘ಹ’ಕಾರ ಬಿಡುವವರ ನಡುವೆ ಹ್ಯಾನಾ ಎಂಬವಳನ್ನು ಗುಮಾಸ್ತ ಆನಾ ಎಂದು ಬರೆದುಕೊಂಡಿರಬಹುದು. ಅಕ್ಷರ ಬಾರದವರ ಹೆಸರಿನ ಕಾಗುಣಿತವನ್ನು ನಿರ್ಧರಿಸುತ್ತಿದ್ದವನು ಬರೆದುಕೊಳ್ಳುವವನೇ.

ಮದುವೆಯ ಪತ್ರದಲ್ಲಿ ಏನೇನು ಸಿಗುತ್ತದೆ?

ವಧೂವರರ ಹೆಸರು, ವಯಸ್ಸು, ವೃತ್ತಿ, ವಾಸಸ್ಥಳ, ಇಬ್ಬರ ತಂದೆಯರ ಹೆಸರು ಮತ್ತು ವೃತ್ತಿ, ಸಾಕ್ಷಿಗಳ ಸಹಿ. ತಾಯಂದಿರ ಹೆಸರಿಗೆ ಜಾಗವೇ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಮದುವೆ ದಾಖಲೆಯಲ್ಲಿ ತಾಯಿಯ ಹೆಸರು ಬರೆಯಲು ಆರಂಭಿಸಿದ್ದು 2021ರ ಮೇ 4ರಿಂದ, ಅಂದರೆ ನಿನ್ನೆ ಮೊನ್ನೆ.

ವಯಸ್ಸಿನ ಕಾಲಂನಲ್ಲಿ ಬರಿದೇ ‘ಪೂರ್ಣ ವಯಸ್ಸು’ ಎಂದಿದ್ದರೆ ಆಕೆಗೆ 21 ತುಂಬಿದೆ ಎಂದಷ್ಟೇ ಅರ್ಥ. 22 ಆಗಿರಬಹುದು, 50ಯೂ ಆಗಿರಬಹುದು. ಹುಡುಗಿಯರ ಮದುವೆಗೆ ಕಾನೂನಿನ ಕನಿಷ್ಠ ವಯಸ್ಸು 1929ರ ವರೆಗೂ 12 ಆಗಿತ್ತು. ಆದರೂ ವಾಸ್ತವದಲ್ಲಿ ಬಹುಪಾಲು ಮದುವೆಗಳು ಇಪ್ಪತ್ತರ ಆಚೆಗೇ ನಡೆಯುತ್ತಿದ್ದವು ಎಂಬುದನ್ನು ನೆನಪಿಡಬೇಕು. ಸಹಿಯ ಜಾಗವನ್ನು ಹತ್ತಿರದಿಂದ ನೋಡಿ. ನಮ್ಮಲ್ಲಿ ಹೆಬ್ಬೆಟ್ಟು ಒತ್ತುವಂತೆ ಅಲ್ಲಿ ಅಕ್ಷರ ಬಾರದವರು ಗುಣಾಕಾರದ ಗೀಟು ಎಳೆಯುತ್ತಿದ್ದರು, ಅದರ ಸುತ್ತ ಪಾದ್ರಿಯೋ ಗುಮಾಸ್ತನೋ ‘ಇಂಥವಳ ಗುರುತು’ ಎಂದು ಬರೆಯುತ್ತಿದ್ದ. ಗಂಡನದು ಗೀಟು, ಹೆಂಡತಿಯದು ನಡುಗುವ ಕೈಯ ಅಕ್ಷರ ಎಂಬಂಥ ಪತ್ರಗಳೂ ಇವೆ. ವೃತ್ತಿಯ ಕಾಲಂನಲ್ಲಿ ವಧುವಿನ ಎದುರು ಒಂದು ಅಡ್ಡಗೆರೆ ಮಾತ್ರ ಇದ್ದರೆ ಆಕೆ ಕೆಲಸ ಮಾಡುತ್ತಿರಲಿಲ್ಲ ಎಂದುಕೊಳ್ಳಬಾರದು; ಗುಮಾಸ್ತ ಕೇಳಲಿಲ್ಲ ಎಂದಷ್ಟೇ ಹೇಳಬಹುದು.

ಜನಗಣತಿಯನ್ನು ಎಷ್ಟು ನಂಬಬಹುದು?

ನಂಬಬೇಕು, ಆದರೆ ಯಾರು ಹೇಳಿದ್ದು, ಯಾರು ಬರೆದದ್ದು ಎಂದು ಪ್ರತಿ ಸಲವೂ ಕೇಳಿಕೊಳ್ಳಬೇಕು. 1841ರಿಂದ ಹತ್ತು ವರ್ಷಕ್ಕೊಮ್ಮೆ, ಒಂದು ನಿರ್ದಿಷ್ಟ ರಾತ್ರಿ ಮನೆಯಲ್ಲಿ ಇದ್ದವರ ಹೆಸರುಗಳನ್ನು ಬರೆಯಲಾಗಿದೆ. 1841ರಲ್ಲಿ 15 ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿತ್ತು. ಹೀಗಾಗಿ 34ರ ಹೆಂಗಸು 30 ಆಗಿದ್ದಾಳೆ. ಮನೆಯ ಯಜಮಾನನಿಗೆ ಆಕೆ ಏನಾಗಬೇಕು ಎಂಬುದೂ ಆ ವರ್ಷದ ಹಾಳೆಯಲ್ಲಿ ಇಲ್ಲ. ಸಂಬಂಧ, ವೈವಾಹಿಕ ಸ್ಥಿತಿ ಮತ್ತು ಹುಟ್ಟಿದ ಊರು ಸಿಗುವುದು 1851ರಿಂದ. 1901ರ ವರೆಗೆ ನಾವು ಓದುವುದು ಮನೆಯವರು ತುಂಬಿದ ಮೂಲ ಹಾಳೆಯಲ್ಲ, ಗಣತಿದಾರನು ತನ್ನ ಪುಸ್ತಕಕ್ಕೆ ಇಳಿಸಿಕೊಂಡ ನಕಲು.

ಹೆಂಗಸರ ದುಡಿಮೆಯ ವಿಷಯದಲ್ಲಿ ಈ ನಕಲು ತೀರಾ ಜಿಪುಣ. ವಾರಕ್ಕೆ ನಾಲ್ಕು ಮನೆಯ ಬಟ್ಟೆ ಒಗೆಯುವವಳು, ಬಾಡಿಗೆಗೆ ಬಂದವರಿಗೆ ಅಡುಗೆ ಮಾಡಿ ಹಾಕುವವಳು, ಗಂಡನ ಅಂಗಡಿಯಲ್ಲಿ ದಿನವಿಡೀ ನಿಲ್ಲುವವಳು, ಎಲ್ಲರ ಎದುರೂ ಕಾಲಂ ಖಾಲಿ. 1881ರಲ್ಲಂತೂ ಮನೆಗೆಲಸದಲ್ಲಿದ್ದ ಹೆಂಡತಿಯರನ್ನು ಅಂಕಿಅಂಶಗಳ ಲೆಕ್ಕದಲ್ಲಿ ‘ನಿರುದ್ಯೋಗ’ ವರ್ಗಕ್ಕೇ ಸೇರಿಸಿದರು. ಹಾಗಾಗಿ ಅವಳ ಕೆಲಸವನ್ನು ಊಹಿಸಲು ಅಕ್ಕಪಕ್ಕದ ಮನೆಗಳನ್ನು ಓದಬೇಕು, ಬೀದಿಯ ಸ್ವರೂಪವನ್ನು ನೋಡಬೇಕು, ಮನೆಯಲ್ಲಿ ಬಾಡಿಗೆದಾರರು ಎಷ್ಟಿದ್ದರು ಎಂದು ಎಣಿಸಬೇಕು.

ಆಕೆ 1911ರ ವರೆಗೆ ಬದುಕಿದ್ದರೆ ಆ ವರ್ಷದ ಹಾಳೆಯನ್ನು ಬಿಡಲೇಬೇಡಿ. ಮನೆಯವರು ಸ್ವಂತ ಕೈಯಲ್ಲಿ ತುಂಬಿದ ಹಾಳೆಯೇ ಅಲ್ಲಿ ಉಳಿದಿದೆ. ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಉಳಿದವರೆಷ್ಟು, ತೀರಿಕೊಂಡವರೆಷ್ಟು ಎಂದು ವಿವಾಹಿತ ಹೆಂಗಸರನ್ನು ಕೇಳಲಾಗಿತ್ತು. ವಿಧವೆಯರು ಇದಕ್ಕೆ ಉತ್ತರಿಸಬೇಕಿರಲಿಲ್ಲ, ಆದರೂ ಎಷ್ಟೋ ಮಂದಿ ಉತ್ತರಿಸಿದರು. ಅಧಿಕಾರಿಗಳು ಆ ಅಂಕಿಗಳ ಮೇಲೆ ಗೆರೆ ಎಳೆದರು. ಗೆರೆಯ ಕೆಳಗೆ ಅಂಕಿಗಳು ಇಂದಿಗೂ ಓದಲು ಬರುತ್ತವೆ.

ಪ್ರತಿ ದಾಖಲೆಯಲ್ಲೂ ವಯಸ್ಸು ಬೇರೆ ಬೇರೆ ಇದೆ. ಯಾವುದು ಸರಿ?

ಹುಟ್ಟಿದ ಕೂಡಲೇ ಬರೆದದ್ದು ಹೆಚ್ಚು ಸರಿ, ಸತ್ತ ಮೇಲೆ ಇನ್ನೊಬ್ಬರು ಹೇಳಿದ್ದು ಕಡಿಮೆ ಸರಿ. 1888ರ ಆಗಸ್ಟ್ 31ರ ನಸುಕಿನಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಕೊಲೆಯಾದ ಮೇರಿ ಆನ್ ನಿಕೊಲ್ಸ್ ಹುಟ್ಟಿದ್ದು 1845ರ ಆಗಸ್ಟ್ 26ರಂದು. ಅಂದರೆ ಆಕೆಗೆ 43 ತುಂಬಿ ಐದು ದಿನವಾಗಿತ್ತು. ಶವಪೆಟ್ಟಿಗೆಯ ಮೇಲಿನ ಫಲಕದಲ್ಲಿ ಬರೆದದ್ದು 42. ತಂದೆ ಇನ್ನೂ ಬದುಕಿದ್ದ, ವಿಚಾರಣೆಯಲ್ಲಿ ಸಾಕ್ಷಿಯನ್ನೂ ಹೇಳಿದ್ದ, ಆದರೂ ತಪ್ಪು ತಪ್ಪೇ ಆಯಿತು.

ಹುಟ್ಟಿದ ದಿನಾಂಕವನ್ನೂ ಕಣ್ಣು ಮುಚ್ಚಿ ಒಪ್ಪುವಂತಿಲ್ಲ. 42 ದಿನಗಳೊಳಗೆ ನೋಂದಾಯಿಸಬೇಕಿತ್ತು. ತಡವಾದವರು ದಂಡಕ್ಕೆ ಹೆದರಿ ಹುಟ್ಟಿದ ದಿನವನ್ನೇ ಮುಂದಕ್ಕೆ ಸರಿಸಿ ಹೇಳಿದ್ದುಂಟು. ದೀಕ್ಷಾಸ್ನಾನದ ದಿನಾಂಕವು ಹುಟ್ಟಿದ ದಿನಾಂಕಕ್ಕಿಂತ ಹಿಂದಿನದಾಗಿದ್ದರೆ ಕಾರಣ ಇದೇ. 1875ಕ್ಕೆ ಮುಂಚೆ ನೋಂದಾಯಿಸದೇ ಬಿಟ್ಟವರೂ ಇದ್ದಾರೆ. 1874ರ ಕಾಯ್ದೆಯ ನಂತರ ನೋಂದಾಯಿಸುವ ಹೊಣೆ ಹೆತ್ತವರ ಮೇಲೆ ಬಿತ್ತು.

ಆಕೆ ಕಡುಬಡವಳಾಗಿದ್ದರೆ ದಾಖಲೆಗಳು ಸಿಗುತ್ತವೆಯೇ?

ಹೆಚ್ಚು ಸಿಗುತ್ತವೆ. ಮಧ್ಯಮ ವರ್ಗದ ಗೃಹಿಣಿಯ ಮನೆಬಾಗಿಲಿಗೆ ಸರ್ಕಾರ ಹತ್ತು ವರ್ಷಕ್ಕೊಮ್ಮೆ ಬರುತ್ತಿತ್ತು. ಬಡವಳು ಸರ್ಕಾರದ ಬಾಗಿಲಿಗೆ ತಾನೇ ಹೋಗಬೇಕಾಗುತ್ತಿತ್ತು, ಹೋದಾಗಲೆಲ್ಲ ಯಾರೋ ಬರೆದುಕೊಳ್ಳುತ್ತಿದ್ದರು. 1834ರ ಬಡವರ ಕಾಯ್ದೆಯ ನಂತರ ದೇಶದ ತುಂಬ ಕಟ್ಟಿದ ವರ್ಕ್‌ಹೌಸ್‌ಗಳು, ಅಂದರೆ ಕೆಲಸ ಮಾಡಿಸಿಕೊಂಡು ಅನ್ನ ಹಾಕುವ ಬಡವರ ಮನೆಗಳು, ಒಳಬಂದವರ ಮತ್ತು ಹೊರಹೋದವರ ಲೆಕ್ಕವನ್ನು ದಿನದಿನವೂ ಇಡುತ್ತಿದ್ದವು.

ಮೇಲೆ ಹೇಳಿದ ಮೇರಿ ಆನ್ ನಿಕೊಲ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಆಕೆಯ ಸಾವಿನ ಬಗ್ಗೆ ಬೆಟ್ಟದಷ್ಟು ಬರೆದಿದ್ದಾರೆ. ನನಗೆ ಆಸಕ್ತಿ ಇರುವುದು ಅದಕ್ಕೆ ಮುಂಚಿನ 43 ವರ್ಷಗಳಲ್ಲಿ. ಕಮ್ಮಾರ ಎಡ್ವರ್ಡ್ ವಾಕರ್‌ನ ಮಗಳು. 1864ರ ಜನವರಿ 16ರಂದು ಫ್ಲೀಟ್ ಸ್ಟ್ರೀಟಿನ ಸೇಂಟ್ ಬ್ರೈಡ್ಸ್ ಇಗರ್ಜಿಯಲ್ಲಿ ಮುದ್ರಣಾಲಯದ ಕೆಲಸಗಾರ ವಿಲಿಯಂ ನಿಕೊಲ್ಸ್‌ನೊಂದಿಗೆ ಮದುವೆ. ಐವರು ಮಕ್ಕಳು. 1880ರ ಸುಮಾರಿಗೆ ಸಂಸಾರ ಮುರಿಯಿತು. ಇಲ್ಲಿಯ ತನಕ ಆಕೆ ಒಬ್ಬನ ಮಗಳು, ಇನ್ನೊಬ್ಬನ ಹೆಂಡತಿ. ಸಂಸಾರ ಮುರಿದ ಮೇಲೆ ದಾಖಲೆಗಳು ಆಕೆಯದೇ ಆಗುತ್ತವೆ: ಗಂಡ ವಾರಕ್ಕೆ 5 ಷಿಲ್ಲಿಂಗ್ ಜೀವನಾಂಶ ಕೊಡುತ್ತಿದ್ದು, 1882ರಲ್ಲಿ ನಿಲ್ಲಿಸಿದ್ದು, ಅವನಿಂದ ವಸೂಲು ಮಾಡಲು ಪ್ಯಾರಿಷ್‌ನವರು (ಬಡವರ ಹೊಣೆ ಹೊತ್ತ ಸ್ಥಳೀಯ ಆಡಳಿತದವರು) ಮುಂದಾದದ್ದು, ಲ್ಯಾಂಬೆತ್ ವರ್ಕ್‌ಹೌಸಿಗೆ ಮತ್ತೆ ಮತ್ತೆ ಸೇರಿದ್ದು, 1888ರ ಮೇ ತಿಂಗಳಲ್ಲಿ ಅಲ್ಲಿಂದ ವಾಂಡ್ಸ್‌ವರ್ತಿನ ಒಂದು ಮನೆಗೆ ಕೆಲಸಕ್ಕೆ ಹೋಗಿ ತಂದೆಗೆ ಕಾಗದ ಬರೆದದ್ದು.

ಹೆಣ ಸಿಕ್ಕಾಗ ಆಕೆಯ ಬಳಿ ಇದ್ದದ್ದು ಒಂದು ಬಾಚಣಿಗೆ, ಒಂದು ಬಿಳಿ ಕರವಸ್ತ್ರ, ಒಂದು ಒಡೆದ ಕನ್ನಡಿಯ ಚೂರು. ಹೆಸರು ಯಾರಿಗೂ ಗೊತ್ತಿರಲಿಲ್ಲ. ಒಳಲಂಗದ ಮೇಲೆ ಲ್ಯಾಂಬೆತ್ ವರ್ಕ್‌ಹೌಸಿನ ಮುದ್ರೆ ಇತ್ತು. ಪೊಲೀಸರು ಆ ಜಾಡು ಹಿಡಿದು ಹೆಸರನ್ನು ಪತ್ತೆ ಮಾಡಿದರು. ಲಂಡನ್ನಿನ ವರ್ಕ್‌ಹೌಸ್ ಪುಸ್ತಕಗಳು ಲಂಡನ್ ಆರ್ಕೈವ್ಸ್‌ನಲ್ಲಿವೆ; 2024ರ ವರೆಗೆ ಅದರ ಹೆಸರು ಲಂಡನ್ ಮೆಟ್ರೊಪಾಲಿಟನ್ ಆರ್ಕೈವ್ಸ್ ಎಂದಿತ್ತು. ಬೇರೆ ಊರಿನವು ಆಯಾ ಕೌಂಟಿಯ ದಾಖಲೆ ಕಚೇರಿಯಲ್ಲಿರುತ್ತವೆ. ಅಸಹಜ ಸಾವಾಗಿದ್ದರೆ ಕೊರೋನರ್ ಎಂಬ ಅಧಿಕಾರಿ ಸಾವಿನ ಕಾರಣ ತಿಳಿಯಲು ನಡೆಸಿದ ವಿಚಾರಣೆಯ ಮೂಲ ಕಡತಕ್ಕಿಂತ ಪತ್ರಿಕೆಯ ವರದಿ ಸಿಗುವ ಸಾಧ್ಯತೆಯೇ ಹೆಚ್ಚು. ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ಹುಡುಕಿ.

ಹುಟ್ಟಿನ ಪತ್ರದಲ್ಲಿ ತಂದೆಯ ಹೆಸರು ಖಾಲಿ ಇದ್ದರೆ?

ತಾಯಿಗೆ ಮದುವೆಯಾಗಿರಲಿಲ್ಲ ಎಂದು ಬಹುಮಟ್ಟಿಗೆ ಹೇಳಬಹುದು. 1875ರಿಂದ, ತಂದೆಯಾದವನು ತಾಯಿಯ ಜೊತೆ ಬಂದು ಸಹಿ ಹಾಕದ ಹೊರತು ಅವನ ಹೆಸರನ್ನು ಬರೆಯುವಂತಿರಲಿಲ್ಲ. ಇಂಥಲ್ಲಿ ಮಗುವಿನ ನಡುವಿನ ಹೆಸರನ್ನು ನೋಡಿ. ಅದು ಯಾವುದೋ ಅಡ್ಡಹೆಸರಿನಂತೆ ಕಂಡರೆ ತಾಯಿ ಅಲ್ಲಿ ಸುಳಿವು ಬಿಟ್ಟಿರಬಹುದು. ಜೀವನಾಂಶ ಕೇಳಿ ಮ್ಯಾಜಿಸ್ಟ್ರೇಟರ ಮುಂದೆ ಹೋಗಿದ್ದರೆ ಪೆಟಿ ಸೆಷನ್ಸ್ ಎಂಬ ಆ ಕೆಳಹಂತದ ನ್ಯಾಯಾಲಯದ ಪುಸ್ತಕಗಳಲ್ಲಿ ಆತನ ಹೆಸರಿರುತ್ತದೆ. ಅಜ್ಜಿಯ ಕೊನೆಯ ಮಗು ಎಂದು ಜನಗಣತಿಯಲ್ಲಿ ಕಾಣುವ ಕೂಸು ಹಿರಿಯ ಮಗಳದ್ದೇ ಆಗಿರುವ ಸಂದರ್ಭಗಳೂ ಉಂಟು. ದತ್ತು ಪತ್ರ ಹುಡುಕಿ ಪ್ರಯೋಜನವಿಲ್ಲ. ಇಂಗ್ಲೆಂಡಿನಲ್ಲಿ ದತ್ತಕಕ್ಕೆ ಕಾನೂನು ಬಂದದ್ದೇ 1926ರಲ್ಲಿ.

ಗಂಡನನ್ನು ಬಿಟ್ಟವಳ ಜಾಡು ಹಿಡಿಯುವುದು ಹೇಗೆ?

ವಿಚ್ಛೇದನದ ನ್ಯಾಯಾಲಯ ಆರಂಭವಾದದ್ದು 1858ರಲ್ಲಿ. ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ಸಾಬೀತು ಮಾಡಿದರೆ ಸಾಕಾಗುತ್ತಿತ್ತು. ಹೆಂಡತಿಯಾದವಳು ಅದರ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಬೀತು ಮಾಡಬೇಕಿತ್ತು. ಖರ್ಚಂತೂ ಸಾಮಾನ್ಯರ ಕೈಗೆಟುಕುವಂಥದ್ದಲ್ಲ. ಆ ಕಡತಗಳು ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಜೆ 77 ಶ್ರೇಣಿಯಲ್ಲಿವೆ, ಸಿಕ್ಕರೆ ಸಂಸಾರದ ಒಳಮನೆಯೇ ತೆರೆದಂತೆ.

ಹೆಚ್ಚಿನವರು ವಿಚ್ಛೇದನವಿಲ್ಲದೇ ಬೇರೆಯಾದರು. ಆನಿ ವುಡ್ ಎಂದು 1847ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, 1867ರಲ್ಲಿ ಪಾದ್ರಿ ಫ್ರಾಂಕ್ ಬೆಸೆಂಟ್‌ನನ್ನು ಮದುವೆಯಾಗಿ, 1873ರಲ್ಲಿ ಅವನಿಂದ ಬೇರೆಯಾದ ಹೆಂಗಸು 1933ರಲ್ಲಿ ಮದರಾಸಿನ ಅಡಯಾರಿನಲ್ಲಿ ತೀರಿಕೊಳ್ಳುವವರೆಗೂ ಬೆಸೆಂಟ್ ಆಗಿಯೇ ಉಳಿದರು. ಅವರು ನಮಗೆಲ್ಲ ಗೊತ್ತಿರುವ ಆನಿ ಬೆಸೆಂಟ್. ಅಷ್ಟು ಪ್ರಸಿದ್ಧರಲ್ಲದವರು ಊರು ಬದಲಿಸಿ, ಹೊಸ ಸಂಗಾತಿಯ ಹೆಸರಿಟ್ಟುಕೊಂಡು, ಜನಗಣತಿಯಲ್ಲಿ ‘ಹೆಂಡತಿ’ ಎಂದು ಬರೆಸಿದರು. ಒಂಟಿಯಾಗಿದ್ದವರು ‘ವಿಧವೆ’ ಎಂದರು. ಗಂಡನ ಸಾವು ಸೂಚಿಯಲ್ಲಿ ಇಪ್ಪತ್ತು ವರ್ಷ ಆಮೇಲೆ ಕಂಡರೆ ಬೆರಗಾಗಬೇಡಿ. ಸಂಗಾತಿ ಏಳು ವರ್ಷ ಕಾಣೆಯಾಗಿದ್ದು ಬದುಕಿರುವ ಸುದ್ದಿ ಇರದಿದ್ದರೆ, ಮರುಮದುವೆಯಾದವರನ್ನು 1861ರ ಕಾಯ್ದೆಯಂತೆ ದ್ವಿವಿವಾಹದ ಅಪರಾಧಿ ಎನ್ನುವಂತಿರಲಿಲ್ಲ.

ಹೆಂಗಸರು ಉಯಿಲು ಬರೆಯುತ್ತಿದ್ದರೇ?

ಅವಿವಾಹಿತೆಯರು ಮತ್ತು ವಿಧವೆಯರು ಬರೆಯುತ್ತಿದ್ದರು. ವಿವಾಹಿತೆಗೆ ಗಂಡನ ಒಪ್ಪಿಗೆ ಬೇಕಿತ್ತು. 1882ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆ ಮುಂದಿನ ವರ್ಷ ಜಾರಿಯಾದ ಮೇಲೆ ಆ ಕಟ್ಟು ಸಡಿಲಿತು. 1858ರಿಂದ ಈಚಿನ ಉಯಿಲುಗಳಿಗೆ ವರ್ಷವಾರು ಪ್ರೊಬೇಟ್ ಕ್ಯಾಲೆಂಡರ್, ಅಂದರೆ ನ್ಯಾಯಾಲಯ ಮಾನ್ಯ ಮಾಡಿದ ಉಯಿಲುಗಳ ಪಟ್ಟಿ, ಇದೆ. ಮದುವೆಯಾಗದ ಚಿಕ್ಕಮ್ಮನ ಉಯಿಲು ಸಿಕ್ಕರೆ ಅದೃಷ್ಟವೆನ್ನಬೇಕು: ಯಾವ ಸೋದರ ಸೊಸೆಗೆ ಬೆಳ್ಳಿ ಚಮಚ, ಯಾರಿಗೆ ಹೊಲಿಗೆ ಪೆಟ್ಟಿಗೆ ಎಂದು ಹೆಸರು ಹಿಡಿದು ಬರೆದಿರುವ ಉಯಿಲಿನಲ್ಲಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳೆಲ್ಲ ಹೊಸ ಅಡ್ಡಹೆಸರಿನೊಂದಿಗೆ ಸಾಲಾಗಿ ನಿಂತಿರುತ್ತಾರೆ.

ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನ ಹೆಂಗಸರ ವಿಷಯವೇನು?

ಸ್ಕಾಟ್ಲೆಂಡಿನಲ್ಲಿ ನೋಂದಣಿ 1855ರಲ್ಲಿ ಆರಂಭವಾಯಿತು, ತಡವಾದರೂ ಇಂಗ್ಲೆಂಡಿಗಿಂತ ಚೆನ್ನಾಗಿದೆ: ಮದುವೆ ಮತ್ತು ಸಾವಿನ ದಾಖಲೆಗಳಲ್ಲಿ ತಾಯಿಯ ತವರಿನ ಹೆಸರೂ ಇರುತ್ತದೆ. ಸ್ಕಾಟ್‌ಲ್ಯಾಂಡ್ಸ್‌ಪೀಪಲ್ ತಾಣ ನೋಡಿ. ಐರ್ಲೆಂಡಿನಲ್ಲಿ ಎಲ್ಲರ ನೋಂದಣಿ 1864ರಿಂದ. ಅಲ್ಲಿನ ಹತ್ತೊಂಬತ್ತನೆಯ ಶತಮಾನದ ಜನಗಣತಿಗಳು ಬಹುತೇಕ ನಾಶವಾಗಿವೆ, ಪೂರ್ತಿಯಾಗಿ ಉಳಿದಿರುವವುಗಳಲ್ಲಿ ಅತಿ ಹಳೆಯವು 1901 ಮತ್ತು 1911ರವು.

ಬೆಂಗಳೂರಿನ ಹಳೆಯ ಸಮಾಧಿಯೊಂದರ ಮೇಲೆ ಇಂಗ್ಲಿಷ್ ಹೆಂಗಸಿನ ಹೆಸರಿದೆ. ಅವಳ ಬಗ್ಗೆ ತಿಳಿಯಬಹುದೇ?

ತಿಳಿಯಬಹುದು. ಭಾರತದಲ್ಲಿದ್ದ ಪಾದ್ರಿಗಳು ತಾವು ನಡೆಸಿದ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪ್ರತಿಗಳನ್ನು ಪ್ರೆಸಿಡೆನ್ಸಿಯ ಮೂಲಕ ಲಂಡನ್ನಿಗೆ ಕಳಿಸಬೇಕಿತ್ತು. ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್ 1 ಬಂಗಾಳ, ಎನ್ 2 ಮದರಾಸು, ಎನ್ 3 ಬೊಂಬಾಯಿ ಎಂಬ ಶ್ರೇಣಿಗಳಲ್ಲಿವೆ. ಬೆಂಗಳೂರಿನ ದಂಡಿನಲ್ಲಿ ಮದರಾಸು ಸೇನೆ ಇದ್ದುದರಿಂದ ಎನ್ 2 ನೋಡಬೇಕು; ಧಾರವಾಡ, ಬೆಳಗಾವಿಗಳು ಬೊಂಬಾಯಿ ಪ್ರಾಂತ್ಯದವು, ಅವಕ್ಕೆ ಎನ್ 3. ಫೈಂಡ್‌ಮೈಪಾಸ್ಟ್ ತಾಣದಲ್ಲಿ ಇವುಗಳ ಚಿತ್ರಗಳಿವೆ. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಸಂಘವಾದ ಫಿಬಿಸ್‌ನ ದತ್ತಸಂಚಯದಲ್ಲಿ ಪುಕ್ಕಟೆಯಾಗಿ ಹುಡುಕಬಹುದು.

ಕೋಲಾರದ ಗಣಿಗಳ ಕಥೆ ಇದಕ್ಕೆ ತಿರುವುಮುರುವು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತದಲ್ಲಿ ಅಲ್ಲಿಗೆ ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್‌ನ ಗಣಿಗಾರರು ಬಂದರು. ಅವರಲ್ಲಿ ಎಷ್ಟೋ ಮಂದಿಯ ಹೆಂಡಿರು ಊರಿನಲ್ಲೇ ಉಳಿದರು. 1891ರ ಜನಗಣತಿಯಲ್ಲಿ ಕಾರ್ನ್‌ವಾಲ್‌ನ ಮನೆಯೊಂದರಲ್ಲಿ ಮಕ್ಕಳೊಂದಿಗೆ ಇರುವ ವಿವಾಹಿತೆ, ಆದರೆ ಹಾಳೆಯಲ್ಲಿ ಗಂಡನಿಲ್ಲ ಎಂದರೆ ಆತ ಸತ್ತನೆಂದೋ ಬಿಟ್ಟನೆಂದೋ ತೀರ್ಮಾನಿಸುವ ಮುನ್ನ ಹೊರದೇಶದ ಗಣಿಗಳನ್ನು ನೆನೆಯಬೇಕು. ರೆಡ್ರೂತ್ ಪಟ್ಟಣದ ಕ್ರೆಸೆನ್ ಕೆರ್ನೋ ದಾಖಲಾಲಯ ಇಂಥ ಕುಟುಂಬಗಳ ಹುಡುಕಾಟಕ್ಕೆ ಮೊದಲ ಬಾಗಿಲು.

ನಾನು ಹಿಡಿದಿರುವ ಜಾಡು ಅವಳದ್ದೇ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ?

ಒಂದೇ ಹೆಸರಿನ ಇನ್ನೊಬ್ಬಳನ್ನು ಕಡೆಯವರೆಗೆ ಹಿಂಬಾಲಿಸಿ, ಅವಳು ಇವಳಲ್ಲ ಎಂದು ತೋರಿಸುವ ಮೂಲಕ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಅಗಸಗಿತ್ತಿಯೊಬ್ಬಳ ಹುಟ್ಟಿಗಾಗಿ ಹುಡುಕುತ್ತಿದ್ದಾಗ ಹೆಸರು, ಜಿಲ್ಲೆ, ವರ್ಷ ಎಲ್ಲವೂ ಹೊಂದುವ ಒಂದು ನಮೂದು ಸಿಕ್ಕಿತು. ಪ್ರಮಾಣಪತ್ರ ತರಿಸಿದೆ, ಅದರಲ್ಲಿದ್ದ ಹೆತ್ತವರ ಹಿಂದಿನ ಮೂರು ತಲೆಮಾರನ್ನು ಏಳು ತಿಂಗಳು ಕೂತು ಕಟ್ಟಿದೆ. ಆಮೇಲೊಂದು ಸಂಜೆ ಸಾವಿನ ಸೂಚಿಯನ್ನು ತಿರುವಿದಾಗ ಆ ಮಗು ಮೂರು ತುಂಬುವ ಮೊದಲೇ ತೀರಿಕೊಂಡಿತ್ತು. ಸತ್ತ ಮಗುವಿನ ಹೆಸರನ್ನೇ ಮುಂದೆ ಹುಟ್ಟಿದ ಮಗುವಿಗೆ ಇಡುವ ರೂಢಿ ಅಲ್ಲಿತ್ತು. ನನ್ನ ಅಗಸಗಿತ್ತಿ ಬಹುಶಃ ತಂಗಿಯಿರಬಹುದೆಂದು ನೋಡಿದರೆ ಅದೂ ಅಲ್ಲ, ಆಕೆ ಪಕ್ಕದ ಜಿಲ್ಲೆಯ ಬೇರೆಯೇ ಮನೆತನದವಳು.

ಆದ್ದರಿಂದ ಯಾವುದೇ ಹುಟ್ಟಿನ ನಮೂದನ್ನು ಒಪ್ಪುವ ಮೊದಲು ಅದೇ ಜಿಲ್ಲೆಯ ಮುಂದಿನ ಹತ್ತು ವರ್ಷಗಳ ಸಾವಿನ ಸೂಚಿಯನ್ನು ನೋಡಿ. ಅಚ್ಚಿನ ಸೂಚಿಯಲ್ಲಿ ಸತ್ತವರ ವಯಸ್ಸು ಇರುವುದು 1866ರಿಂದ, ಜನರಲ್ ರಿಜಿಸ್ಟರ್ ಆಫೀಸಿನ ಹೊಸ ಸೂಚಿಯಲ್ಲಿ 1837ರಿಂದಲೇ ಇದೆ. ಹತ್ತು ನಿಮಿಷದ ಕೆಲಸ.